ಕುಡಿಯದವಳ ಎಪ್ಪತ್ತೊಂದು

ಮಲ್ಖಾಜನ ಮನೆಯ ಊಟದ ಕೋಣೆಯಲ್ಲಿ ಮೂರು ಪಟಗಳಿದ್ದವು. ಒಂದು ಸಂತ ಗಿಯೋರ್ಗಿಯದು, ಇನ್ನೊಂದು ತೀರಿಕೊಂಡ ಅಪ್ಪನದು, ಮೂರನೆಯದು ರಕ್ತಪರೀಕ್ಷೆಯ ಚೀಟಿ. ಚೀಟಿಗೆ ಕಟ್ಟು ಹಾಕಿಸಿ, ಗಾಜು ಕೂರಿಸಿ, ಅಪ್ಪನಿಗಿಂತ ಎರಡು ಬೆರಳು ಮೇಲಕ್ಕೇ ತೂಗುಹಾಕಿದ್ದ. ಅದರಲ್ಲಿ ಒಂದು ಸಾಲಿನ ಸುತ್ತ ಕೆಂಪು ಶಾಯಿಯ ಗುರುತು. ಎಎಲ್‌ಟಿ ಮೂವತ್ತೊಂಬತ್ತು.

ಎಎಲ್‌ಟಿ ಎಂದರೆ ಲಿವರಿನೊಳಗಿನ ಒಂದು ಕಿಣ್ವ. ಲಿವರಿಗೆ ಪೆಟ್ಟು ಬಿದ್ದರೆ ಅದು ರಕ್ತಕ್ಕೆ ಸೋರುತ್ತದೆ, ನಲವತ್ತರ ಒಳಗಿದ್ದರೆ ಚಿಂತೆಯಿಲ್ಲ. ಜಾರ್ಜಿಯಾ ದೇಶದ ಕಾಖೇತಿ ಸೀಮೆಯ ಆ ಊರಿನ ಗಂಡಸರಿಗೆ ಪ್ರಾರ್ಥನೆ ಪೂರ್ತಿ ಬಾರದಿದ್ದರೂ ಈ ಅಂಕಿ ಬಾಯಿಪಾಠವಾಗಿತ್ತು. ಬರದೆ ಏನು? ಪ್ರತಿ ಮನೆಯ ಹಿಂದೆಯೂ ಕುತ್ತಿಗೆಯವರೆಗೆ ನೆಲದಲ್ಲಿ ಹೂತ ಗುಡಾಣಗಳು, ಪ್ರತಿ ಗುಡಾಣದ ತುಂಬ ವೈನು. ನೆಂಟರು ಬಂದರೆ ಕುಡಿಯಬೇಕು, ಬಾರದಿದ್ದರೆ ಅವರ ನೆನಪಿಗೆ ಕುಡಿಯಬೇಕು. ಹೀಗಿರುವಾಗ ವರ್ಷಕ್ಕೊಮ್ಮೆ ದ್ರಾಕ್ಷಿ ಸುಗ್ಗಿಗೆ ಮುಂಚೆ ಊರ ದವಾಖಾನೆಯಲ್ಲಿ ರಕ್ತ ನೋಡುತ್ತಾರೆ ಅಂದರೆ ಯಾರ ಎದೆ ಹೊಡೆದುಕೊಳ್ಳುವುದಿಲ್ಲ?

ಇದಕ್ಕೆ ಮದ್ದು ಕಂಡುಹಿಡಿದವನು ಮಲ್ಖಾಜ್. ಮೂರು ವರ್ಷದ ಹಿಂದೆ ಅಂಡವಾಯುವಿನ ಆಪರೇಶನ್ನಿಗೆ ಹೋದಾಗ ಅವನ ಅಂಕಿ ತೊಂಬತ್ತನಾಲ್ಕು ಬಂದಿತ್ತು. "ಕುಡಿಯೋದು ಕಡಿಮೆ ಮಾಡಿ" ಎಂದು ಹೇಳಿ ಅಲ್ಲಿಯವರು ಕೈ ತೊಳೆದುಕೊಂಡರು. ಮಲ್ಖಾಜ್ ಕಡಿಮೆ ಮಾಡಲಿಲ್ಲ. ಮರುಪರೀಕ್ಷೆಗೆ ಹತ್ತು ದಿನ ಇರುವಾಗ ಪೂರ್ತಿ ನಿಲ್ಲಿಸಿದ, ಮೊಸರು ಕುಡಿದ, ಪರೀಕ್ಷೆ ಕೊಟ್ಟ, ಮೂವತ್ತೊಂಬತ್ತು ತಂದ, ಸಂಜೆಗೆ ಗುಡಾಣದ ಮುಚ್ಚಳ ತೆಗೆದ. ಸುದ್ದಿ ಊರೆಲ್ಲ ಹಬ್ಬಿತು. ಅಂದಿನಿಂದ ಪರೀಕ್ಷೆಗೆ ಮುಂಚಿನ ಹತ್ತು ದಿನ ಊರಿನ ಗಂಡಸರೆಲ್ಲ ಒಮ್ಮೆಗೇ ಸನ್ಯಾಸಿಗಳು. ಆ ದಿನಗಳಿಗೆ 'ಒಣ ಹತ್ತು' ಎಂದೇ ಹೆಸರಾಯಿತು. ಒಣ ಹತ್ತರಲ್ಲಿ ಯಾರೂ ಮದುವೆ ಇಟ್ಟುಕೊಳ್ಳುತ್ತಿರಲಿಲ್ಲ. ಸಾಯುವವರೂ ಸ್ವಲ್ಪ ತಡೆದುಕೊಂಡರೆ ಒಳ್ಳೆಯದು ಎಂದು ಊರಿನ ಅಭಿಪ್ರಾಯ.

ದವಾಖಾನೆಯಲ್ಲಿ ರಕ್ತ ತೆಗೆಯುವ ಜುಜುನಾ ಮಾತ್ರ ಪ್ರತಿ ವರ್ಷ ಬೈಯುತ್ತಿದ್ದಳು. "ನೀವು ಪರೀಕ್ಷೆ ಮಾಡಿಸ್ಕೊಳ್ಳೋಕೆ ಬಂದಿದೀರೋ, ಪರೀಕ್ಷೆ ಪಾಸ್ ಮಾಡೋಕೋ? ಯಾರ ಕಣ್ಣಿಗ್ರೋ ಮಣ್ಣೆರಚ್ತೀರಾ? ಲಿವರು ನಿಮ್ದೇ ಅಲ್ವಾ?"

"ನಮ್ದೇ, ಅದಕ್ಕೇ ನಾವೇ ನೋಡ್ಕೋತಿದೀವಿ ಜುಜುನಾ, ನೀನು ಸೂಜಿ ನೋಡ್ಕೋ," ಎನ್ನುತ್ತಿದ್ದ ಮಲ್ಖಾಜ್.

ಮಾತಿನಲ್ಲಿ ಅವನನ್ನು ಗೆದ್ದವರಿಲ್ಲ. ಊರಿನ ಯಾವ ಔತಣಕ್ಕೂ ಅವನೇ ತಮಾದಾ, ಅಂದರೆ ಮೇಜಿನ ಯಜಮಾನ. ಅವನು ಎದ್ದು ನಿಂತು ಯಾರಿಗಾಗಿ ಕುಡಿಯುತ್ತೇವೆ ಎಂದು ಮಾತು ಹೇಳದೆ ಒಬ್ಬರೂ ಗುಟುಕು ಇಳಿಸುವ ಹಾಗಿಲ್ಲ. ಆಳು ಕಡ್ಡಿಯ ಹಾಗೆ ತೆಳ್ಳಗಿದ್ದ, ದನಿ ಮಾತ್ರ ಚರ್ಚಿನ ಗಂಟೆ. ಸತ್ತವರಿಗೆ ಅವನು ಮಾತು ಹೇಳಿದರೆ ಬದುಕಿರುವವರಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಆದರೆ ಅವನ ಅತ್ಯುತ್ತಮ ಮಾತು ವರ್ಷಕ್ಕೆ ಒಂದೇ ಸಲ, ಸೆಪ್ಟೆಂಬರ್ ಕೊನೆಗೆ, ಮಗಳು ಖತುನಾಳ ಹುಟ್ಟುಹಬ್ಬಕ್ಕೆ. ಎಲ್ಲರ ಲೋಟ ತುಂಬಿದ ಮೇಲೆ ಅಂಗಿಯ ಎಡದ ತೋಳನ್ನು ಮೆಲ್ಲಗೆ ಮೇಲಕ್ಕೆ ಮಡಚುತ್ತಿದ್ದ. ಮೊಣಕೈ ಒಳಮಡಿಕೆಯ ನರ ತೋರಿಸಿ, "ಇಲ್ಲಿಂದ ಹೋದದ್ದು" ಎಂದು ಶುರುಮಾಡುತ್ತಿದ್ದ.

ಇಲ್ಲಿಂದ ಹೋದದ್ದು ರಕ್ತ. ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ಖತುನಾ ಹುಟ್ಟಿದ ಬೆಳಿಗ್ಗೆ ಅವನ ಹೆಂಡತಿ ಲಮಾರಾಳಿಗೆ ರಕ್ತ ನಿಲ್ಲಲಿಲ್ಲ. ಪಟ್ಟಣದ ಆಸ್ಪತ್ರೆಯಲ್ಲಿ ಅವಳ ಗುಂಪಿನ ರಕ್ತದ ಒಂದು ಹನಿಯೂ ಇರಲಿಲ್ಲ. ಹೊರಗೆ ನಿಂತಿದ್ದ ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಲ್ಖಾಜ್ ತೋಳು ಮಡಚಿದ. ಆಗ ಅವನು ದುಡಿಯುತ್ತಿದ್ದ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ರಕ್ತ ಕೊಡುವವರಿಗೆ ಕೊಟ್ಟಿದ್ದ ಪುಸ್ತಕ ಅವನ ಜೇಬಿನಲ್ಲಿತ್ತು. ಗುಂಪು ಹೊಂದಿತು, ಹಿಂದಿನ ತಿಂಗಳ ಲಿವರಿನ ಅಂಕಿಯೂ ಸರಿಯಾಗಿತ್ತು. ಅಂಕಿ ಸರಿಯಿದ್ದರೆ ರಕ್ತ ಒಳ್ಳೆಯದು ಎಂದು ಆಗಿನ ಲೆಕ್ಕ. ಎರಡು ಸಣ್ಣ ಬಾಟಲಿ ತೆಗೆದರು.

"ಲಮಾರಾಳ ಮೈಯಲ್ಲಿ ಓಡ್ತಿರೋದು ಅರ್ಧ ನಂದೇ ರಕ್ತ," ಎನ್ನುತ್ತಿದ್ದ ಪ್ರತಿ ವರ್ಷ. "ಅದಕ್ಕೇ ನೋಡಿ, ಜಗಳ ಆಡುವಾಗ ಅವಳ ಬಾಯಿಂದ ನನ್ನ ದನಿ ಬರುತ್ತೆ!"

ಪ್ರತಿ ವರ್ಷ ಎಲ್ಲರೂ ನಗುತ್ತಿದ್ದರು. ಲಮಾರಾ ನಗುತ್ತಿದ್ದಳು, ಸೆರಗಿಲ್ಲದ ನಾಡಿನಲ್ಲಿ ಅಡುಗೆಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಲೋಟಕ್ಕೆ ತುಟಿ ತಾಗಿಸಿ ಕೆಳಗಿಡುತ್ತಿದ್ದಳು. ಅವಳು ಕುಡಿಯುವವಳಲ್ಲ. ಗುಡಾಣ ತೊಳೆಯುವಾಗ ವಾಸನೆಗೇ ತಲೆ ಸುತ್ತು ಬರುವ ಜೀವ.

ಹೀಗಿರುವಾಗ ಎರಡು ಸಾವಿರದ ಹದಿನಾರರ ಸೆಪ್ಟೆಂಬರಿನಲ್ಲಿ ದವಾಖಾನೆಗೆ ತೆಕ್ಲಾ ಎಂಬ ಹೊಸ ಡಾಕ್ಟರು ಬಂದರು. ಗಂಡಸರ ರಕ್ತ ಮಾತ್ರ ಯಾಕೆ, ಹೆಂಗಸರಿಗೆ ಲಿವರಿಲ್ಲವೇ ಎಂದರು. ಲಮಾರಾ ತೋಳು ಚಾಚಿದಳು. ಮೂರನೇ ದಿನ ಚೀಟಿ ಬಂತು. ಮಲ್ಖಾಜನದು ಮೂವತ್ತೆಂಟು. ಲಮಾರಾಳದು ಎಪ್ಪತ್ತೊಂದು.

ಚೀಟಿಯನ್ನು ಅವಳ ಹೆಗಲ ಮೇಲಿಂದ ಇಣುಕಿ ನೋಡಿದವನು ಪಕ್ಕದ ಮನೆಯ ಅಂಜೋರ್. ಅವನ ಬಾಯಿಗೆ ಬಿದ್ದ ಮಾತು ತೂತು ಕೊಡದ ನೀರು. "ಅತ್ತಿಗೇ! ಎಪ್ಪತ್ತೊಂದಾ? ನಾವೆಲ್ಲ ಮೊಸರು ಕುಡ್ಕೊಂಡು ಒಣಗ್ತಿದ್ರೆ, ನೀವು ಹಿಂದ್ಗಡೆ ಗುಡಾಣಕ್ಕೆ ಸೌಟು ಹಾಕ್ತಿದ್ರಾ?"

ದವಾಖಾನೆಯ ಅಂಗಳದಲ್ಲಿ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಜೆಯೊಳಗೆ ಮಲ್ಖಾಜನ ಹೆಂಡತಿ ಕದ್ದು ಕುಡಿಯುತ್ತಾಳೆ ಎಂದು ಊರಿನ ನಾಯಿಗಳಿಗೂ ಗೊತ್ತಾಯಿತು. ಮಲ್ಖಾಜ್ ಅಂಜೋರನ ಕೊರಳಪಟ್ಟಿ ಹಿಡಿದು, "ನನ್ನ ಹೆಂಡ್ತಿ ಬಗ್ಗೆ ಇನ್ನೊಂದು ಮಾತಾಡಿದ್ರೆ ಹಲ್ಲು ಉದುರಿಸ್ತೀನಿ" ಎಂದ. ಆದರೆ ಮನೆಗೆ ಬಂದವನು ನೇರ ಹಿಂದಿನ ಕೊಟ್ಟಿಗೆಗೆ ಹೋಗಿ ಗುಡಾಣದ ಮುಚ್ಚಳ ತೆಗೆದು, ವೈನು ಎಷ್ಟು ಇಳಿದಿದೆ ಎಂದು ಕೋಲು ಇಳಿಬಿಟ್ಟು ನೋಡಿದ. ಲಮಾರಾ ಅಡುಗೆಮನೆಯ ಕಿಟಕಿಯಿಂದ ಅದನ್ನು ಕಂಡಳು. ಊರು ನಕ್ಕದ್ದು ಅವಳಿಗೆ ನಾಟಿರಲಿಲ್ಲ. ಆ ಕೋಲು ನಾಟಿತು.

ಮಾರನೆಯ ದಿನ ಜುಜುನಾ ಬೇಲಿಯ ಆಚೆಯಿಂದಲೇ ಕೂಗಿದಳು. "ಬಾರೇ ಲಮಾರಾ, ಡಾಕ್ಟರು ಕರೀತಿದಾರೆ. ನಿನ್ನ ಕುಡಿತದ ಕತೆ ಪೂರ್ತಿ ಬಗೆಹರಿಸೋಣ."

"ನೀನೂ ಶುರು ಹಚ್ಕೊಂಡ್ಯಾ?"

"ನಾನು ಮೂವತ್ತು ವರ್ಷದಿಂದ ಈ ಊರಿನವರ ರಕ್ತ ನೋಡ್ತಿದೀನಿ ಕಣೇ. ನೀನು ಕುಡ್ದಿದ್ರೆ ನಾನು ಜಾರ್ಜಿಯಾದ ಮಹಾರಾಣಿ."

ದವಾಖಾನೆಯಲ್ಲಿ ಜುಜುನಾ ಅವಳ ಬೆರಳ ತುದಿ ಚುಚ್ಚಿ ಒಂದು ಹನಿಯನ್ನು ಬಿಳಿ ಪಟ್ಟಿಯ ಮೇಲೆ ಬಿಟ್ಟಳು. ಕಾಲು ಗಂಟೆಯಲ್ಲಿ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದವು. ಡಾಕ್ಟರ್ ತೆಕ್ಲಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಲಮಾರಾ ಅಮ್ಮ, ಇದು ವೈನಿನ ಕೆಲಸ ಅಲ್ಲ. ಹೆಪಟೈಟಿಸ್ ಸಿ ಅಂತ ಒಂದು ವೈರಸ್ಸು. ಸದ್ದಿಲ್ಲದೆ ಎಷ್ಟೋ ವರ್ಷ ಲಿವರಲ್ಲಿ ಕೂತಿರುತ್ತೆ. ಹೆದರ್ಬೇಡಿ, ಈಗ ಮಾತ್ರೆ ಇದೆ, ಸರ್ಕಾರವೇ ಕೊಡುತ್ತೆ. ಹನ್ನೆರಡು ವಾರ ನುಂಗಿದ್ರೆ ಹೋಗುತ್ತೆ."

ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದ ಹಾಗೆ, ಎಲ್ಲವನ್ನೂ ವೈನಿನ ತಲೆಗೆ ಕಟ್ಟಿ ಈ ಪ್ರಾಣಿ ಒಳಗೆ ಆರಾಮಾಗಿ ಕೂತಿತ್ತು ಎಂದು ಲಮಾರಾಳಿಗೆ ಅನಿಸಿತು. ಮೊದಲು ಬಂದದ್ದು ಭಯವಲ್ಲ, ಸಮಾಧಾನ. ಕುಡಿದಿಲ್ಲ ಎಂದು ಒಂದು ಬಿಳಿ ಪಟ್ಟಿ ಸಾಕ್ಷಿ ಹೇಳಿತಲ್ಲ!

"ಯಾವತ್ತಾದ್ರೂ ರಕ್ತ ಹಾಕಿಸ್ಕೊಂಡಿದ್ರಾ?" ಡಾಕ್ಟರು ಬರೆದುಕೊಳ್ಳುತ್ತ ಕೇಳಿದರು.

"ಹೂಂ. ಮಗಳು ಹುಟ್ಟಿದಾಗ. ಎಂಬತ್ತೇಳರಲ್ಲಿ."

"ಯಾರ ರಕ್ತ ಅಂತ ಗೊತ್ತಾ?"

ಊರಿಗೆಲ್ಲ ಗೊತ್ತಿರುವ ಮಾತು. ವರ್ಷವರ್ಷ ಲೋಟ ಎತ್ತಿ ಹೇಳಿದ ಮಾತು. ಲಮಾರಾ ಹೆಮ್ಮೆಯಿಂದ ಬಾಯಿ ತೆರೆದವಳು ಹಾಗೆಯೇ ನಿಂತಳು. ಜುಜುನಾ ತಿರುಗಿ ಕಿಟಕಿಯ ಕಡೆ ನೋಡತೊಡಗಿದಳು.

"ನನ್ನ ಗಂಡಂದು," ಎಂದಳು ಲಮಾರಾ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅವರನ್ನ ಕರ್ಕೊಂಡು ಬನ್ನಿ. ಬೇಗ."

"ಅವರದು ಮೂವತ್ತೆಂಟು ಡಾಕ್ಟ್ರೇ. ಆವತ್ತೂ ಸರಿಯಾಗೇ ಇತ್ತು. ಪುಸ್ತಕದಲ್ಲಿ ಬರೆದಿತ್ತು."

"ಆ ಅಂಕಿ ಹೊಗೆ ಇದ್ದ ಹಾಗೆ ಅಮ್ಮ. ಕಂಡ್ರೆ ಎಲ್ಲೋ ಬೆಂಕಿ ಇದೆ ಅಂತ ಗೊತ್ತಾಗುತ್ತೆ, ಏನು ಉರೀತಿದೆ ಅಂತ ಗೊತ್ತಾಗಲ್ಲ. ಕಾಣ್ಲಿಲ್ಲ ಅಂದ್ರೆ ಬೆಂಕಿ ಇಲ್ಲ ಅಂತಾನೂ ಅಲ್ಲ. ಈ ರೋಗದಲ್ಲಿ ಅದು ಏರುತ್ತೆ, ಇಳಿಯುತ್ತೆ. ಆ ಕಾಲದಲ್ಲಿ ಈ ವೈರಸ್ಸಿಗೆ ಹೆಸರೇ ಇರ್ಲಿಲ್ಲ, ಪಾಪ, ಆಗಿನ ಡಾಕ್ಟ್ರು ಅಂಕಿ ನೋಡದೆ ಇನ್ನೇನು ನೋಡ್ತಾರೆ? ನಿಮ್ಮ ಯಜಮಾನ್ರಂತೂ ಹತ್ತು ದಿನ ಕಾದು ಹೊಗೆ ಆರಿಸ್ಕೊಂಡೇ ಬರ್ತಾರಂತೆ."

ಲಮಾರಾ ಮನೆಗೆ ನಡೆದು ಬಂದಳು. ಒಂದು ವರ್ಷದಿಂದ ಕಂಡೂ ಕಾಣದ ಹಾಗೆ ಬಿಟ್ಟದ್ದೆಲ್ಲ ದಾರಿಯುದ್ದಕ್ಕೂ ಸಾಲುಗಟ್ಟಿ ಎದುರಿಗೆ ಬಂತು. ಮಲ್ಖಾಜ್ ಮಧ್ಯಾಹ್ನ ಊಟವಾದ ಕೂಡಲೇ ನಿದ್ದೆಗೆ ಬೀಳುತ್ತಿದ್ದ. ಎಲ್ಲಾದರೂ ತಾಗಿದರೆ ಸಾಕು, ಮೈ ನೀಲಿಗಟ್ಟುತ್ತಿತ್ತು. ಕಳೆದ ತಿಂಗಳು ಮೂರು ಸಲ ಮೂಗಿನಿಂದ ರಕ್ತ ಬಂದಿತ್ತು. ಬಿಸಿಲಿಗೆ ಎಂದಿದ್ದ, ಅವಳೂ ಬಿಸಿಲಿಗೆ ಎಂದಿದ್ದಳು. ಅವನನ್ನು ಪರೀಕ್ಷೆಗೆ ಕರೆದುಕೊಂಡು ಹೋಗದಿದ್ದರೆ ಗಂಡ ಹೋಗುತ್ತಾನೆ. ಯಾಕೆ ಎಂದು ಹೇಳಿ ಕರೆದುಕೊಂಡು ಹೋದರೆ ಆ ಮಾತು, ಇಪ್ಪತ್ತೊಂಬತ್ತು ವರ್ಷ ಅವನ ಬೆನ್ನು ನೆಟ್ಟಗೆ ನಿಲ್ಲಿಸಿದ ಆ ಒಂದು ಮಾತು ಹೋಗುತ್ತದೆ.

ಮೊದಲು ಅರ್ಧ ಹೇಳಿದಳು. ತನಗೆ ಇಂಥ ವೈರಸ್ಸಿದೆ, ಮಾತ್ರೆ ಇದೆ ಎಂದಳು. ಮಲ್ಖಾಜ್ ಅವಳ ಎರಡೂ ಕೈ ಹಿಡಿದುಕೊಂಡು ಅತ್ತೇಬಿಟ್ಟ. ಕೋಲು ಇಳಿಬಿಟ್ಟದ್ದಕ್ಕೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ.

"ಆ ಆಸ್ಪತ್ರೆ ಸೂಜಿನೇ ಇರ್ಬೇಕು! ಕುದಿಸ್ತಿದ್ರೋ ಇಲ್ವೋ! ದೇವರು ದೊಡ್ಡವನು, ನನ್ನ ರಕ್ತ ನಿನ್ನಲ್ಲಿ ಇದ್ದದ್ದಕ್ಕೆ ಇಷ್ಟು ವರ್ಷ ತಡ್ಕೊಂಡೆ ನೀನು."

"ನೀನೂ ಒಂದ್ಸಲ ಬೆರಳು ಚುಚ್ಚಿಸ್ಕೋ ಮಲ್ಖಾಜ್."

"ನಾನ್ಯಾಕೆ?" ಅವನು ಗೋಡೆಯ ಪಟದ ಕಡೆ ಗದ್ದ ಎತ್ತಿದ. "ಅಪ್ಪಟ ಲಿವರ್ ಇದು."

ಮತ್ತೆ ಕೇಳಿದಳು, ಬೇಡಿದಳು, ಜಗಳವಾಡಿದಳು. ನಾಲ್ಕು ದಿನ ಹೀಗೇ ಹೋಯಿತು. ಐದನೇ ದಿನ ಸುಗ್ಗಿಗೆ ಗುಡಾಣ ತೊಳೆಯುವ ಕೆಲಸ ಬಂತು.

ದೊಡ್ಡ ಗುಡಾಣವನ್ನು ಹೊರಗಿನಿಂದ ತೊಳೆಯಲಾಗುವುದಿಲ್ಲ. ಬಾಯಿ ಕಿರಿದು, ಹೊಟ್ಟೆ ಎರಡಾಳುದ್ದ. ತೆಳ್ಳಗಿರುವವನು ಏಣಿ ಇಳಿಸಿಕೊಂಡು ಒಳಗೆ ಹೋಗಿ ಚೆರಿ ಮರದ ತೊಗಟೆಯ ಬ್ರಷ್ಷಿನಿಂದ ಉಜ್ಜಬೇಕು. ಒಳಗೆ ಉಸಿರು ಕಟ್ಟುವುದೂ ಉಂಟು, ಅದಕ್ಕೆ ಇಳಿದವನು ಹಾಡುತ್ತಿರಬೇಕು, ಮೇಲೆ ಒಬ್ಬರು ಕೂತು ಕೇಳುತ್ತಿರಬೇಕು. ಹಾಡು ನಿಂತರೆ ಎಳೆಯಬೇಕು. ಮಲ್ಖಾಜ್ ಇಳಿದು ಹಾಡತೊಡಗಿದ. ಲಮಾರಾ ಮೇಲೆ ಕೂತಿದ್ದಳು. ಎರಡನೇ ಹಾಡಿನ ನಡುವೆ ಮೆಲ್ಲಗೆ ಏಣಿಯನ್ನು ಮೇಲಕ್ಕೆ ಎಳೆದುಕೊಂಡಳು.

"ಏಯ್! ಏಣಿ ಯಾಕೆ ತೆಗ್ದೆ?"

"ನೀನು ಎದ್ದು ಹೋಗ್ಬಾರ್ದು ಅಂತ. ಮಲ್ಖಾಜ್, ನಂಗೆ ಆ ರೋಗ ಬಂದದ್ದು ಸೂಜಿಯಿಂದ ಅಲ್ಲ. ರಕ್ತದಿಂದ ಅಂತಾರೆ ಡಾಕ್ಟ್ರು."

ಬ್ರಷ್ಷು ಸರಸರ ಆಡುತ್ತಲೇ ಇತ್ತು. "ಯಾವ ರಕ್ತ?"

"ಇನ್ಯಾವ್ದು? ಎರಡೇ ಬಾಟ್ಲಿ ಇದ್ದದ್ದು."

ಬ್ರಷ್ಷು ನಿಂತಿತು. ಹಾಡಿಲ್ಲ, ಮಾತಿಲ್ಲ. ಗುಡಾಣದ ಬಾಯಿಂದ ಹಳೆ ವೈನಿನ ಹುಳಿ ವಾಸನೆ ಮಾತ್ರ ಬರುತ್ತಿತ್ತು. ಅವಳು ನೆಲದ ಮೇಲೆ ಬೋರಲಾಗಿ ಮಲಗಿ ತಲೆಯನ್ನು ಒಳಗೆ ಚಾಚಿದಳು. ಕೆಳಗೆ ಅವನು ಗೋಡೆಗೆ ಒರಗಿ ನಿಂತಿದ್ದ, ಎಡದ ಮೊಣಕೈಯನ್ನು ಬಲಗೈಯಲ್ಲಿ ಮುಚ್ಚಿ ಹಿಡಿದುಕೊಂಡು.

"ನಾನು ನಿಂಗೆ ವಿಷ ಕೊಟ್ನಾ, ಲಮಾರಾ?"

"ಹುಚ್ಚಪ್ಪ! ನಿಂಗಾದ್ರೂ ಗೊತ್ತಿತ್ತಾ? ಯಾರಿಗೆ ಗೊತ್ತಿತ್ತು?" ಅವಳ ಕಣ್ಣೀರು ಅವನ ತಲೆಯ ಮೇಲೆ ಬೀಳುತ್ತಿತ್ತು. "ಆದ್ರೆ ನನ್ನಲ್ಲಿ ಇದೆ ಅಂದ್ರೆ ನಿನ್ನಲ್ಲೂ ಇದೆ ಕಣೋ. ನಿಂಗೆ ಮೂಗಲ್ಲಿ ರಕ್ತ ಬರ್ತಿದೆ. ನಿನ್ನ ಬಿಟ್ಟು ಈ ಗುಡಾಣಗಳ ಜೊತೆ ನಾನೇನು ಮಾಡ್ಲಿ? ಪರೀಕ್ಷೆ ಮಾಡಿಸ್ಕೋತೀನಿ ಅಂತ ಹೇಳು, ಏಣಿ ಬಿಡ್ತೀನಿ."

ಮೊಣಕೈ ಮೇಲಿನ ಕೈ ತೆಗೆಯದೆ "ಬಿಡು" ಎಂದ.

ಮೇಲೆ ಬಂದವನು ಅವಳ ಮುಖ ನೋಡಲಿಲ್ಲ. ಕೈಕಾಲು ತೊಳೆದುಕೊಂಡು, ಒಗೆದ ಅಂಗಿ ಹಾಕಿಕೊಂಡು, ತೋಳಿನ ಗುಂಡಿಗಳನ್ನು ಮಣಿಕಟ್ಟಿನವರೆಗೆ ಹಾಕಿ ದವಾಖಾನೆಗೆ ನಡೆದ. ಎರಡು ಗೆರೆ ಮೂಡಿದವು. ಪಟ್ಟಣದಲ್ಲಿ ಲಿವರ್ ನೋಡಿದವರು ಅದು ಒಳಗೆ ಗಾಯಗಟ್ಟಿ ಬಹಳ ಗಡುಸಾಗಿದೆ ಎಂದರು. ವೈನು ತನ್ನ ಪಾಲು ಮಾಡಿತ್ತು, ವೈರಸ್ಸು ಅದರ ದುಪ್ಪಟ್ಟು ಮಾಡಿತ್ತು. ಇಬ್ಬರಲ್ಲಿಯೂ ಇದ್ದದ್ದು ಒಂದೇ ಜಾತಿಯದು. ಅವನಿಗೆ ಯಾವಾಗ ಬಂತೆಂದು ಹೇಳುವವರಿಲ್ಲ. ಸೈನ್ಯದಲ್ಲಿದ್ದಾಗ ಹಲ್ಲು ಕೀಳಿಸಿದ್ದ, ಇನ್ನೂ ಏನೇನೋ. "ಇನ್ನೆರಡು ವರ್ಷ ಬಿಟ್ಟು ಬಂದಿದ್ರೆ ನನ್ನ ಕೈಲಿ ಏನೂ ಇರ್ತಿರ್ಲಿಲ್ಲ" ಎಂದರು ಡಾಕ್ಟರ್ ತೆಕ್ಲಾ. ಖತುನಾ ತೆಲಾವಿಯ ತನ್ನ ಮನೆಯಿಂದ ಓಡಿಬಂದು ತಾನೂ ಬೆರಳು ಚುಚ್ಚಿಸಿಕೊಂಡಳು. ಅವಳಿಗೆ ಒಂದೇ ಗೆರೆ. ಆ ಒಂದು ಗೆರೆಯನ್ನು ಕಂಡು ಲಮಾರಾ ದವಾಖಾನೆಯ ಮೆಟ್ಟಿಲ ಮೇಲೆ ಕೂತು ದೇವರನ್ನು, ಡಾಕ್ಟರನ್ನು, ಜುಜುನಾಳನ್ನು, ಆ ಬಿಳಿ ಪಟ್ಟಿ ಮಾಡಿದ ಹೆಸರು ಗೊತ್ತಿಲ್ಲದವರನ್ನು ಎಲ್ಲರನ್ನೂ ಹರಸಿದಳು.

ಸುದ್ದಿ ತಿಳಿದ ಮೇಲೆ ಊರಿನ ಗಂಡಸರು ಒಬ್ಬೊಬ್ಬರಾಗಿ, ಸಂತೆಗೆ ಹೊರಟವರ ಹಾಗೆ ನಟಿಸುತ್ತ ದವಾಖಾನೆಗೆ ಬಂದರು. ಈ ಸಲ ಒಣಗಿಕೊಂಡು ಬಂದವರಿಲ್ಲ. ಹತ್ತೊಂಬತ್ತು ಜನಕ್ಕೆ ಎರಡು ಗೆರೆ ಮೂಡಿತು. ಅದರಲ್ಲಿ ಅಂಜೋರನೂ ಒಬ್ಬ. ಅವನು ಲಮಾರಾಳ ಬಾಗಿಲಿಗೆ ಒಂದು ಬುಟ್ಟಿ ದ್ರಾಕ್ಷಿ ತಂದಿಟ್ಟು, "ಅತ್ತಿಗೆ, ಆ ಸೌಟಿನ ಮಾತು ಮರ್ತುಬಿಡಿ" ಎಂದು ತಲೆ ಕೆರೆದುಕೊಂಡ.

"ಮರೆಯಲ್ಲ ಹೋಗೋ," ಎಂದಳು ಲಮಾರಾ. "ಆ ಸೌಟಿಂದಲೇ ಹೊಡೀತೀನಿ, ಮಾತ್ರೆ ತಪ್ಪಿಸಿದ್ರೆ."

ಮಾತ್ರೆ ಬಂದವು. ಲಮಾರಾಳಿಗೆ ಹನ್ನೆರಡು ವಾರ, ಮಲ್ಖಾಜನಿಗೆ ಇಪ್ಪತ್ತನಾಲ್ಕು. ಅವನು ಒಂದು ದಿನವೂ ತಪ್ಪಿಸಲಿಲ್ಲ, ಒಂದು ಗುಟುಕೂ ಕುಡಿಯಲಿಲ್ಲ. ಮೈಗೆ ಬಣ್ಣ ಬಂತು. ಬಾಯಿ ಮಾತ್ರ ಬೀಗ ಹಾಕಿಕೊಂಡಿತ್ತು. ಗೋಡೆಯ ಪಟವನ್ನು ಅವನೇ ಇಳಿಸಿದ. ಅಲ್ಲಿ ಒಂದು ಬಿಳಿಚಿಕೊಂಡ ಚೌಕ ಉಳಿಯಿತು. ಆ ವರ್ಷ ಖತುನಾಳ ಹುಟ್ಟುಹಬ್ಬಕ್ಕೆ ಉಂಡು ಎದ್ದರು, ಯಾರೂ ಮಾತು ಹೇಳಲಿಲ್ಲ. ಔತಣಕ್ಕೆ ಕರೆಯಲು ಬಂದವರಿಗೆ ಬೇರೆ ತಮಾದಾನನ್ನು ನೋಡಿಕೊಳ್ಳಿ ಎಂದ. ಸುಡುಬಿಸಿಲಲ್ಲಿಯೂ ತೋಳಿನ ಗುಂಡಿ ಬಿಚ್ಚುತ್ತಿರಲಿಲ್ಲ. ಲಮಾರಾ ಹತ್ತು ಸಲ ಹೇಳಿದಳು, ನೀನು ತಪ್ಪು ಮಾಡಿಲ್ಲ ಎಂದು. ಅವನು ಹತ್ತು ಸಲವೂ ಹೂಂ ಎಂದು ಬಳ್ಳಿ ಕಟ್ಟಲು ಹೋದ. ಮನೆಯಲ್ಲಿ ಆ ದನಿ ಇಲ್ಲದೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ, ಅಂದರೆ ಅಲ್ಲಿನವರ ಲೆಕ್ಕದಲ್ಲಿ ರೊಟ್ಟಿ.

ಮುಂದಿನ ಆಗಸ್ಟಿನಲ್ಲಿ ಕೊನೆಯ ಪರೀಕ್ಷೆ. ಇಬ್ಬರ ರಕ್ತದಲ್ಲಿಯೂ ವೈರಸ್ಸು ಇಲ್ಲವೇ ಇಲ್ಲ. ಜುಜುನಾ ಚೀಟಿ ಕೊಡುತ್ತ, "ಲಿವರಿಂದು ಇಪ್ಪತ್ತಾರು, ಈ ಸಲ ಕಾಪಿ ಹೊಡೀದೆ ಪಾಸ್ ಆಗಿದೀಯ" ಎಂದಳು ಮಲ್ಖಾಜನಿಗೆ. ಅವನು ಚೀಟಿ ಮಡಚಿ ಜೇಬಿಗಿಟ್ಟುಕೊಂಡ. ಹೊರಡುವಾಗ ಮಾತ್ರ ಹಿಂತಿರುಗಿ ಬಂದು ಜುಜುನಾಳ ಕೈಯನ್ನು ಕಣ್ಣಿಗೊತ್ತಿಕೊಂಡ. ಮೂವತ್ತು ವರ್ಷ ಬೈಗುಳವನ್ನೇ ಕೊಟ್ಟು ತೆಗೆದುಕೊಂಡವಳು ಕೈ ಎಳೆದುಕೊಂಡು, "ಹೋಗ್ ಹೋಗು, ಸರತಿ ಇದೆ" ಎಂದಳು.

ಖತುನಾಳಿಗೆ ಮೂವತ್ತು ತುಂಬಿದ ದಿನ ಬೆಳಿಗ್ಗೆ ಲಮಾರಾ ಊಟದ ಕೋಣೆ ಗುಡಿಸಲು ಬಂದು ಪೊರಕೆ ಹಿಡಿದು ನಿಂತುಬಿಟ್ಟಳು. ಬಿಳಿಚಿದ ಚೌಕದ ಮೇಲೆ ಪಟ ಮತ್ತೆ ಬಂದಿತ್ತು. ಕಟ್ಟು ಅದೇ, ಗಾಜು ಅದೇ. ಒಳಗಿನ ಚೀಟಿ ಮಾತ್ರ ಅವಳದು, ಹಿಂದಿನ ವರ್ಷದ್ದು. ಎಪ್ಪತ್ತೊಂದರ ಸುತ್ತ ಕೆಂಪು ಶಾಯಿಯ ಗುರುತು. ಹಿಂದಿನ ದಿನದವರೆಗೆ ಅದು ಅವಳ ಪೆಟ್ಟಿಗೆಯಲ್ಲಿತ್ತು. ಮಾತಿನ ಮಲ್ಲನಿಗೆ ಹೇಳಲಾಗದ್ದನ್ನು ಸುತ್ತಿಗೆ ಮೊಳೆ ಹಿಡಿದು ಹೇಳಿದ್ದ.

ಸಂಜೆ ಬಿಸಿಲಿರುವಾಗಲೇ ಅಂಗಳದಲ್ಲಿ ಮೇಜು ಹಾಕಿದರು. ಕೆಂಡದ ಮೇಲೆ ಮಾಂಸ, ಚೀಸು ತುಂಬಿದ ಬಿಸಿ ರೊಟ್ಟಿ ಖಾಚಪುರಿ, ಆಕ್ರೋಟಿನ ಚಟ್ನಿ ಹಚ್ಚಿದ ಬದನೆ. ಜುಜುನಾ ಬಂದಳು, ಡಾಕ್ಟರ್ ತೆಕ್ಲಾ ಬಂದರು. ತಮಾದಾನ ಕುರ್ಚಿಯಲ್ಲಿ ಅಂಜೋರ್ ಕೂತಿದ್ದ, ಕೂತದ್ದಕ್ಕೆ ಹತ್ತು ಸಲ ಕ್ಷಮೆ ಕೇಳಿದ್ದ. ಅವನು ಮೊದಲು ಬಿಯರಿನ ಲೋಟ ಎತ್ತಿದ. ಅಲ್ಲಿನ ಪದ್ಧತಿಯಲ್ಲಿ ವೈನು ಎತ್ತುವುದು ಬೇಕಾದವರಿಗೆ. ಬಿಯರು ಎತ್ತುವುದು ಆಗದವರಿಗೆ.

"ಕರೀದೆ ಬಂದು, ಬಾಡಿಗೆ ಕೊಡದೆ ಕೂತು, ಗುಡಾಣದ ಮೇಲೆ ಅಪವಾದ ಹೊರಿಸಿದ ಆ ವೈರಸ್ಸಿಗೆ! ಎಲ್ಲಿದ್ರೂ ಹಾಳಾಗಿ ಹೋಗ್ಲಿ!"

ಮೇಜೆಲ್ಲ ನಕ್ಕಿತು. ಮಲ್ಖಾಜನ ತುಟಿಯೂ ಸ್ವಲ್ಪ ಅಲುಗಿತು. ಆಮೇಲೆ ವೈನು ಬಂತು. ದೇವರಿಗೆ, ಸತ್ತವರಿಗೆ, ಡಾಕ್ಟರಿಗೆ, ಮಗಳಿಗೆ ಮಾತು ಹೇಳಿ ಆಯಿತು. ಹೆತ್ತವರ ಸರದಿ ಬಂದಾಗ ಅಂಜೋರ್ ತಡವರಿಸಿ ಮಲ್ಖಾಜನ ಕಡೆ ನೋಡಿದ. ಎಲ್ಲರೂ ನೋಡಿದರು. ಮಲ್ಖಾಜ್ ತಟ್ಟೆಯನ್ನು ನೋಡುತ್ತಿದ್ದ, ತೋಳಿನ ಗುಂಡಿ ಮಣಿಕಟ್ಟಿನಲ್ಲಿ ಬಿಗಿಯಾಗಿತ್ತು.

ಲಮಾರಾ ಎದ್ದು ನಿಂತಳು.

"ನಂಗೆ ಮಾತು ಬರಲ್ಲ," ಎಂದಳು. "ಮೂವತ್ತು ವರ್ಷ ಈ ಮನುಷ್ಯನ ಮಾತು ಕೇಳಿ ಕೇಳಿ ನಂದು ಮರ್ತುಹೋಗಿದೆ. ಆದ್ರೆ ಅವನು ಯಾವಾಗ್ಲೂ ಒಂದು ಬಿಡ್ತಿದ್ದ, ಯಾಕಂದ್ರೆ ಅವನಿಗೆ ಗೊತ್ತಿಲ್ಲ. ಅವನು ಹೊರಗಿದ್ದ, ನಾನು ಒಳಗೆ. ಆವತ್ತು ನಂಗೆ ಎಚ್ಚರ ಇತ್ತು. ಮೊದ್ಲು ಪಾದ ತಣ್ಣಗಾಯ್ತು, ಆಮೇಲೆ ಮೊಣಕಾಲು. ಆಮೇಲೆ ಕಿವಿ ಕೇಳಿಸ್ಲಿಲ್ಲ. ಮಗು ಬಾಯಿ ತೆಗೀತಿರೋದು ಕಾಣ್ತಿತ್ತು, ಅಳು ಕೇಳಿಸ್ತಿರ್ಲಿಲ್ಲ. ಇಷ್ಟೇ ನನ್ನ ಆಯುಸ್ಸು ಅಂದ್ಕೊಂಡೆ. ಆಗ ಆ ಬಾಟ್ಲಿ ನೇತುಹಾಕಿದ್ರು."

ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಸ್ವಲ್ಪ ಹೊತ್ತಿಗೆ ಮಗು ಅಳೋದು ಕೇಳಿಸ್ತು. ಮಲ್ಖಾಜ್, ಆ ಬಾಟ್ಲಿಯಲ್ಲಿ ಅದೂ ಇದೆ ಅಂತ ಆವತ್ತೇ ಯಾರಾದ್ರೂ ಬಂದು ಹೇಳಿದ್ರೂ, ಹಾಕಿ ಅಂತಿದ್ದೆ ನಾನು. ಬೇಗ ಹಾಕಿ ಅಂತಿದ್ದೆ. ಅದಕ್ಕೆ ನಂಗೆ ಮೂವತ್ತು ವರ್ಷ ಸಿಕ್ತು. ಖತುನಾಗೆ ಜಡೆ ಹಾಕ್ದೆ, ಬೈದೆ, ಮದುವೆ ಮಾಡ್ದೆ. ನಿನ್ನ ಜೊತೆ ಜಗಳ ಆಡ್ದೆ, ನಿನ್ನದೇ ದನೀಲಿ. ಇನ್ನೊಂದು ಕೇಳು. ನೀನು ಕೊಟ್ಟದ್ದು ನನ್ನಲ್ಲಿ ಉಳಿದಿದ್ದಕ್ಕೆ ತಾನೇ ನನ್ನ ಅಂಕಿ ಏರಿದ್ದು? ನನ್ನ ಅಂಕಿ ಏರಿದ್ದಕ್ಕೆ ತಾನೇ ನೀನು ಉಳಿದದ್ದು? ನೀನು ನನ್ನ ಉಳಿಸ್ದೆ, ಆ ರಕ್ತನೇ ಕಾದು ಕೂತಿದ್ದು ನಿನ್ನ ಉಳಿಸ್ತು. ಅದರ ಮೇಲೆ ನೀನು ಮುನಿಸ್ಕೊಂಡಿದ್ರೆ ಮುನಿಸ್ಕೋ. ನಾನು ಮುನಿಸ್ಕೊಳ್ಳಲ್ಲ. ಮಲ್ಖಾಜನ ರಕ್ತಕ್ಕೆ!"

"ಗೌಮಾರ್ಜೋಸ್!" ಎಂದು ಮೇಜು ಜಯಕಾರ ಹಾಕಿ ಎದ್ದು ನಿಂತಿತು. ಲಮಾರಾ ಹುಟ್ಟಿದ ಮೇಲೆ ಮೊದಲ ಸಲ ಲೋಟವನ್ನು ತಳದವರೆಗೂ ಬರಿದು ಮಾಡಿದಳು. ಮಾಡಿ ಮುಖ ಕಿವುಚಿ ಕೆಮ್ಮತೊಡಗಿದಳು. ಜುಜುನಾ ಅವಳ ಬೆನ್ನಿಗೆ ಗುದ್ದುತ್ತ, "ನೋಡ್ರೋ, ಇವಳಾ ಕದ್ದು ಕುಡಿಯೋಳು!" ಎಂದಳು.

ಮಲ್ಖಾಜ್ ಎದ್ದು ನಿಂತಿದ್ದ. ಮಾತು ಹೇಳಿಸಿಕೊಂಡವನು ಮಾತಿನಿಂದಲೇ ಉತ್ತರ ಕೊಡಬೇಕು, ಅದು ಮೇಜಿನ ಕಟ್ಟಳೆ. ಅವನ ಕೈಯಲ್ಲಿ ನೀರಿನ ಲೋಟವಿತ್ತು. ಅದನ್ನು ಕೆಳಗಿಟ್ಟು ಎಡದ ತೋಳಿನ ಗುಂಡಿಗೆ ಕೈ ಹಾಕಿದ. ಬಿಚ್ಚಿ ಒಂದು ಮಡಿಕೆ, ಎರಡು ಮಡಿಕೆ, ಮೊಣಕೈ ದಾಟುವವರೆಗೆ ಮಡಚಿದ.

"ಇಲ್ಲಿಂದ ಹೋದದ್ದು," ಎಂದ. ತೋಳನ್ನು ಹಾಗೆಯೇ ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಅಳುತ್ತ ನಿಂತ.

"ಮುಂದಕ್ಕೆ ಹೇಳೋ ಮಾರಾಯ," ಎಂದಳು ಲಮಾರಾ, ಕೆಮ್ಮಿನ ನಡುವೆ ಕಣ್ಣೊರೆಸಿಕೊಳ್ಳುತ್ತ. "ಖಾಚಪುರಿ ಆರ್ತಿದೆ."